ಕ್ರೆಫೆಲ್ಡ್ ಊರಿನ ನೀಲಗಾರರು

(ಮೈಸೂರಿನಲ್ಲಿ ಗೆಳೆಯರ ಓದುಕೂಟವೊಂದರಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಕೇಳಿಸಿದ ಹಾಡುಗಳನ್ನು ಬರಹದಲ್ಲಿ ತರಲಾಗದು. ಉಳಿದದ್ದನ್ನು ಆದಷ್ಟೂ ಆಡಿದ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ತಾನೆ ಒಂದು ಹಾಡು ಕೇಳಿದಿರಿ. ಅದರಲ್ಲಿ ಇದ್ದದ್ದು ಗಿಟಾರು ಮತ್ತು ಮನುಷ್ಯರ ದನಿ. ಡ್ರಮ್ಮಿನ ಅಬ್ಬರ ಇಲ್ಲ, ಕಿರುಚಾಟ ಇಲ್ಲ. ಕಾಡಿನಲ್ಲಿ ಬೆಂಕಿ ಹಾಕಿಕೊಂಡು ಸುತ್ತ ಕೂತವರ ನಡುವೆ ಯಾರೋ ಹಾಡಿದ ಹಾಗಿದೆ, ಅಲ್ವಾ? ಇದನ್ನು ಹಾಡಿದವರು ಜರ್ಮನಿಯ ಒಂದು ಹೆವಿ ಮೆಟಲ್ ತಂಡದವರು. ತಂಡದ ಹೆಸರು ಬ್ಲೈಂಡ್ ಗಾರ್ಡಿಯನ್. ಹಾಡಿನ ಹೆಸರು 'ದಿ ಬಾರ್ಡ್ಸ್ ಸಾಂಗ್'. 1992ರದ್ದು.

ಈ 'ಬಾರ್ಡ್' ಅನ್ನುವ ಪದ ನನ್ನನ್ನು ಬಹಳ ದಿನ ಕಾಡಿತು. ಕನ್ನಡದಲ್ಲಿ ಏನನ್ನೋಣ? ಕವಿ ಅಂದರೆ ಬರೆಯುವವನು. ಗಾಯಕ ಅಂದರೆ ಬರೀ ಹಾಡುವವನು. ಕಥೆಯನ್ನು ತಲೆಯಲ್ಲಿ ಹೊತ್ತುಕೊಂಡು ಊರೂರು ತಿರುಗುವವನಿಗೆ ಏನು ಹೇಳೋದು? ಕೊನೆಗೊಂದು ದಿನ ನನಗೇ ನಾಚಿಕೆಯಾಯಿತು. ಮಂಡ್ಯ ಮೈಸೂರಿನ ಕಡೆಯವನು ಈ ಪದಕ್ಕೆ ಡಿಕ್ಷನರಿ ಯಾಕೆ ತೆಗೆಯಬೇಕು? ನಮ್ಮಲ್ಲಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಇದ್ದಾರಲ್ಲ.

ನಮ್ಮಜ್ಜಿಯ ಊರು ಮಳವಳ್ಳಿ ತಾಲ್ಲೂಕಿನಲ್ಲಿ. ಬೊಪ್ಪೇಗೌಡನಪುರ ಅಲ್ಲಿಂದ ದೂರವೇನಲ್ಲ. ಅಜ್ಜಿಯ ಮನೆಯವರು ಮಂಟೇಸ್ವಾಮಿಯ ಒಕ್ಕಲು. ವರ್ಷಕ್ಕೊಂದು ಸಲ ಮನೆಯ ಜಗಲಿಯ ಮೇಲೆ ಕಥೆ ಮಾಡಿಸುತ್ತಿದ್ದರು. ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಶುರುವಾದರೆ ಕೋಳಿ ಕೂಗುವವರೆಗೂ. ಮುಂದೆ ಒಬ್ಬರು ತಂಬೂರಿ ಹಿಡಿದು ಕೂರುತ್ತಿದ್ದರು. ಅವರ ಪಕ್ಕ ತಾಳ, ಢಕ್ಕೆ, ಹಿಂದೆ ಇಬ್ಬರೋ ಮೂವರೋ ಹಿಮ್ಮೇಳದವರು. ಮುಂದಿನವರು ಸ್ವಲ್ಪ ಹೊತ್ತು ಮಾತಿನಲ್ಲೇ ಕಥೆ ಹೇಳುತ್ತಿದ್ದರು. ಮಾತು ಬಿಸಿಯಾದಾಗ ಹಾಡಿಗೆ ಏರುತ್ತಿದ್ದರು. ಹಾಡಿನ ಕೊನೆಯ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಿದ್ದರು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯವರು ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗ ಬಂದರೆ ನಮಗೆ ಮಕ್ಕಳಿಗೆ ನಿದ್ದೆ ಹಾರಿಹೋಗುತ್ತಿತ್ತು. ಕಬ್ಬಿಣದ ಊರು, ಕಬ್ಬಿಣ ಕೊಡೆವು ಅನ್ನುವ ಪಾಂಚಾಳರು, ಅವರು ಒಡ್ಡುವ ಒಂದೊಂದೇ ಪರೀಕ್ಷೆ. ಆ ಹೊತ್ತಿಗೆ ಜಗಲಿಯ ಮೇಲಿದ್ದವರೆಲ್ಲ ಸೊಲ್ಲಿಗೆ ದನಿ ಸೇರಿಸುತ್ತಿದ್ದರು. ಹಿಮ್ಮೇಳದವರು ಯಾರು, ಕೇಳುವವರು ಯಾರು ಅಂತ ಗೊತ್ತಾಗುತ್ತಿರಲಿಲ್ಲ.

ನಮ್ಮಜ್ಜಿಗೆ ಒಂದು ಅಭ್ಯಾಸ ಇತ್ತು. ಎಲೆ ಅಡಿಕೆ ಮೆಲ್ಲುತ್ತಾ ಸುಮ್ನೆ ಕೇಳುತ್ತಿದ್ದರು. ಬೆಳಗ್ಗೆ ನೀಲಗಾರರು ತಂಬೂರಿಗೆ ಬಟ್ಟೆ ಸುತ್ತುವಾಗ, ಕಥೆಯಲ್ಲಿ ಒಂದೇ ಒಂದು ಸಲ ಬಂದು ಹೋದ ಯಾರನ್ನೋ ನೆನಪಿಟ್ಟುಕೊಂಡು ಕೇಳುತ್ತಿದ್ದರು: "ಅಲ್ಲ ಕಣಪ್ಪಾ, ಆ ಮುದುಕಿ ಏನಾದ್ಲು ಆಮೇಲೆ?" ಅವರು ಸಿಟ್ಟಾಗುತ್ತಿರಲಿಲ್ಲ. ಕಾಫಿ ಕುಡಿಯುತ್ತಾ ಅದಕ್ಕೂ ಒಂದು ಕಥೆ ಹೇಳುತ್ತಿದ್ದರು.

ಇವತ್ತು ನಾನು ಹೇಳಬೇಕು ಅಂತ ಬಂದಿರೋದು ಒಂದೇ ಮಾತು. ಬ್ಲೈಂಡ್ ಗಾರ್ಡಿಯನ್ ತಂಡದವರು ಮಾಡಿಕೊಂಡು ಬಂದಿರುವುದು ಇದೇ ಕೆಲಸ. ತಂಬೂರಿ ಬದಲು ಕರೆಂಟಿನ ಗಿಟಾರು. ಜಗಲಿ ಬದಲು ಸಾವಿರಾರು ಜನ ನಿಂತ ಬಯಲು. ಕಥೆಯ ಮುಂದೆ ತಾವು ಚಿಕ್ಕವರು ಅನ್ನುವ ಭಾವ ಮಾತ್ರ ಅದೇ. ನಲವತ್ತು ವರ್ಷದಿಂದ ಆ ಭಾವ ಕೆಟ್ಟಿಲ್ಲ. ಅದಕ್ಕೇ ನನಗೆ ಅವರ ಮೇಲೆ ಇಷ್ಟು ಪ್ರೀತಿ.

ಹೆವಿ ಮೆಟಲ್ ಎಲ್ಲಿಂದ ಬಂತು ಅಂತ ಚೂರು ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಅನ್ನುವ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಯಂತ್ರಕ್ಕೆ ಸಿಕ್ಕಿ ಎರಡು ಬೆರಳಿನ ತುದಿ ಕಳೆದುಕೊಂಡ. ಆಗ ಅವನಿಗೆ 17 ವರ್ಷ. ಗಿಟಾರ್ ಬಿಡಲಿಲ್ಲ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಮುಂದೆ ತಂತಿಯ ಬಿಗಿ ಸಡಿಲ ಮಾಡಿದ. ಸಡಿಲಾದ ತಂತಿಯಿಂದ ದಪ್ಪ, ಭಾರದ ನಾದ ಬಂತು. ಅವರ ತಂಡ ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಮ್ 1970ರ ಫೆಬ್ರವರಿಯಲ್ಲಿ ಬಂತು. ಈ ಸಂಗೀತ ಹುಟ್ಟಿದ್ದೇ ಅಲ್ಲಿ ಅಂತ ಬಹಳ ಜನ ಒಪ್ಪುತ್ತಾರೆ. ಹೆಸರಿನಲ್ಲಿ ಲೋಹ, ಹುಟ್ಟಿನಲ್ಲೂ ಲೋಹ. ಹಲಗೂರಿನ ಕಥೆ ಕೇಳಿ ಬೆಳೆದವನಿಗೆ ಇದು ಹತ್ತಿರ ಅನ್ನಿಸದೆ ಇರುತ್ತದೆಯೇ?

ಕಲ್ಪನೆಯ ಲೋಕದ ಕಥೆಗಳು ರಾಕ್ ಸಂಗೀತಕ್ಕೆ ಅದಕ್ಕೂ ಮುಂಚೆಯೇ ಬಂದಿದ್ದವು. ಲೆಡ್ ಜೆಪ್ಪೆಲಿನ್ ತಂಡದ 1969ರ ಒಂದು ಹಾಡಿನಲ್ಲಿ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಹೆಸರುಗಳು ಬರುತ್ತವೆ. 1976ರಲ್ಲಿ ರೇನ್‌ಬೋ ತಂಡದವರು ಮಾಂತ್ರಿಕನೊಬ್ಬ ಗೋಪುರ ಕಟ್ಟಿಸುವ ಕಥೆ ಹಾಡಿದರು. 1987 ಮತ್ತು 1988ರಲ್ಲಿ ಹ್ಯಾಂಬರ್ಗ್‌ನ ಹೆಲೊವೀನ್ ತಂಡ ಎರಡು ಭಾಗಗಳ ಕಥೆ ಆಲ್ಬಮ್ ತಂದಿತು. ಆದರೆ ಇವರಿಗೆಲ್ಲ ಕಥೆ ಆಗಾಗ ಬಂದು ಹೋಗುವ ನೆಂಟ. ಬ್ಲೈಂಡ್ ಗಾರ್ಡಿಯನ್‌ಗೆ ಕಥೆಯೇ ಮನೆ.

ಕ್ರೆಫೆಲ್ಡ್ ಅನ್ನುವುದು ಜರ್ಮನಿಯ ಪಶ್ಚಿಮಕ್ಕೆ, ರೈನ್ ನದಿಯ ಹತ್ತಿರ, ಡಸೆಲ್‌ಡಾರ್ಫ್‌ನ ಪಕ್ಕದಲ್ಲಿರುವ ಊರು. ಮೈಸೂರಿನವರಿಗೆ ಒಂದು ಖುಷಿಯ ವಿಷಯ ಹೇಳುತ್ತೇನೆ. ಆ ಊರನ್ನು ಜರ್ಮನ್ನರು 'ಮಖಮಲ್ಲು ರೇಷ್ಮೆಯ ಊರು' ಅಂತಲೇ ಕರೆಯುತ್ತಾರೆ. 18ನೇ ಶತಮಾನದಿಂದ ಅಲ್ಲಿ ರೇಷ್ಮೆ ನೇಯ್ಗೆ ಹೆಸರುವಾಸಿ. ನಮ್ಮ ರೇಷ್ಮೆ ಕಾರ್ಖಾನೆ ನಾಲ್ವಡಿಯವರ ಕಾಲದ್ದು, 1912ರದ್ದು. ಆ ಊರಿಗೂ ಈ ಊರಿಗೂ ಮಗ್ಗದ ನಂಟು. ಮುಂದೆ ಅವರ ಹಾಡು ಕೇಳುವಾಗ ಈ ಮಾತನ್ನು ನೆನಪಿಟ್ಟುಕೊಳ್ಳಿ. ಎಳೆ ಎಳೆಯಾಗಿ ನೇಯುವುದು ಅವರ ಕೈಗೆ ಊರಿನಿಂದಲೇ ಬಂದಿರಬೇಕು ಅಂತ ನನಗೆ ಅನ್ನಿಸುತ್ತದೆ.

1984ರಲ್ಲಿ ಅಲ್ಲಿ ಹ್ಯಾನ್ಸಿ ಕುರ್ಶ್ ಮತ್ತು ಆಂಡ್ರೆ ಓಲ್ಬ್ರಿಶ್ ಅನ್ನುವ ಇಬ್ಬರು ಹುಡುಗರು ತಂಡ ಕಟ್ಟಿದರು. ಹ್ಯಾನ್ಸಿ ಹಾಡು ಮತ್ತು ಬೇಸ್ ಗಿಟಾರ್. ಆಂಡ್ರೆ ಲೀಡ್ ಗಿಟಾರ್. ಆಮೇಲೆ ಸೇರಿದ ಮಾರ್ಕಸ್ ಸೀಪನ್ ಇನ್ನೊಂದು ಗಿಟಾರ್, ಥಾಮಸ್ ಸ್ಟಾಖ್ ಡ್ರಮ್. ಮೊದಲು ಇಟ್ಟುಕೊಂಡ ಹೆಸರು ಲೂಸಿಫರ್ಸ್ ಹೆರಿಟೇಜ್, ಅಂದರೆ ಸೈತಾನನ ವಾರಸುದಾರಿಕೆ. ಆ ವಯಸ್ಸಿನಲ್ಲಿ ಅಂಥ ಹೆಸರು ಚೆನ್ನಾಗಿ ಕಾಣುತ್ತದೆ. ಎರಡು ಡೆಮೊ ಕ್ಯಾಸೆಟ್ ಮಾಡಿದರು. ಅಂಗಡಿಯವರು ಹೆಸರು ನೋಡಿ ಅದನ್ನು ಸೈತಾನನ ಹಾಡು ಹೇಳುವ ಬ್ಲ್ಯಾಕ್ ಮೆಟಲ್ ತಂಡಗಳ ಸಾಲಿನಲ್ಲಿ ಇಡುತ್ತಿದ್ದರು. ಇವರ ಕ್ಯಾಸೆಟ್ಟಿನಲ್ಲಿ ಇದ್ದದ್ದು ಬೇರೆ. ಹಾಗಾಗಿ ಮೊದಲ ಆಲ್ಬಮ್ ಹೊತ್ತಿಗೆ ಹೆಸರು ಬದಲಾಯಿತು. 1988ರಲ್ಲಿ 'ಬಟಾಲಿಯನ್ಸ್ ಆಫ್ ಫಿಯರ್' ಬಂತು. ಆಗಿನಿಂದ 2005ರವರೆಗೆ ಅದೇ ನಾಲ್ವರು.

ಆ ಮೊದಲ ಆಲ್ಬಮಿನಲ್ಲೇ ಟೋಲ್ಕಿನ್ ಇದ್ದಾರೆ. 'ಮೋರಿಯಾ ಬಾಗಿಲ ಬಳಿ' ಅನ್ನುವ ಹೆಸರಿನ ತುಣುಕು ಇದೆ. ಅದೇ ಕಾದಂಬರಿಯ ಮಾಂತ್ರಿಕ ಗ್ಯಾಂಡಾಲ್ಫ್ ಮತ್ತೆ ಹುಟ್ಟಿಬರುವ ತುಣುಕು ಇದೆ. 'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾ ಬಂದದ್ದು 2001ರ ಕೊನೆಗೆ. ಅದಕ್ಕೆ 13 ವರ್ಷ ಮುಂಚೆ, ಪುಸ್ತಕ ಓದಿದವರಿಗೆ ಮಾತ್ರ ಈ ಹೆಸರುಗಳು ಗೊತ್ತಿದ್ದ ಕಾಲದಲ್ಲಿ, ಈ ಹುಡುಗರು ಅದನ್ನು ಹಾಡುತ್ತಿದ್ದರು.

ಆಗ ಅವರಿಗೆ ವೇಗದ ಹುಚ್ಚು. ಡ್ರಮ್ ಬಾರಿಸುವವರು ಎರಡೂ ಕಾಲಿನಿಂದ ದೊಡ್ಡ ಡ್ರಮ್ಮನ್ನು ಒಂದೇ ಸಮ ಗುದ್ದುತ್ತಾರೆ. ಗಿಟಾರಿನವರು ಬಲ ಅಂಗೈಯ ಬುಡವನ್ನು ತಂತಿಯ ಮೇಲೆ ಹಗುರವಾಗಿ ಒತ್ತಿ ಮೀಟುತ್ತಾರೆ. ಆಗ ತಂತಿ ಹರಡಿ ಮೊಳಗುವುದಿಲ್ಲ. ಗೊರಸಿನ ಸದ್ದಿನ ಹಾಗೆ ತುಂಡು ತುಂಡಾಗಿ ಬರುತ್ತದೆ. ಕುದುರೆಗಳು ಗುಂಪಾಗಿ ಓಡಿ ಬಂದ ಹಾಗೆ. ಯುದ್ಧದ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ತಾಳ ಸಿಗುವುದು ಕಷ್ಟ. 1989ರ 'ಫಾಲೋ ದಿ ಬ್ಲೈಂಡ್' ತುಂಬಾ ಇದೇ ಓಟ. 1990ರ 'ಟೇಲ್ಸ್ ಫ್ರಮ್ ದಿ ಟ್ವೈಲೈಟ್ ವರ್ಲ್ಡ್' ಹೊತ್ತಿಗೆ ಓಟದ ನಡುವೆ ಉಸಿರು ತೆಗೆದುಕೊಳ್ಳುವುದನ್ನು ಕಲಿತರು. ಗುಂಪುಗಾಯನ ದೊಡ್ಡದಾಯಿತು.

ಈ ಗುಂಪುಗಾಯನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇವರ ಹಾಡು ಕೇಳಿದರೆ ನೂರು ಜನ ಹಾಡುತ್ತಿದ್ದಾರೆ ಅನ್ನಿಸುತ್ತದೆ. ಸ್ಟುಡಿಯೋದಲ್ಲಿ ಇದ್ದವರು ಬೆರಳೆಣಿಕೆಯ ಮಂದಿ. ಒಂದೇ ಸಾಲನ್ನು ಒಬ್ಬರೇ ಒಮ್ಮೆ ಕೆಳಗಿನ ಸ್ಥಾಯಿಯಲ್ಲಿ, ಒಮ್ಮೆ ಮೇಲಿನ ಸ್ಥಾಯಿಯಲ್ಲಿ ಹಾಡುತ್ತಾರೆ. ಮತ್ತೊಬ್ಬರು ಅದರ ಮೇಲೆ ಇನ್ನೊಂದು ಸ್ವರ ಸೇರಿಸುತ್ತಾರೆ. ಹೀಗೆ ಹಾಡಿದ್ದನ್ನೆಲ್ಲ ಒಂದರ ಮೇಲೊಂದು ಕೂರಿಸುತ್ತಾರೆ. ಇಂಗ್ಲೆಂಡಿನ ಕ್ವೀನ್ ತಂಡದಿಂದ ಕಲಿತ ವಿದ್ಯೆ ಇದು. ರೇಷ್ಮೆ ಸೀರೆಯ ಮೈ ನುಣುಪಾಗಿ ಕಾಣುತ್ತದೆ, ಕಣ್ಣಿಗೆ ಹತ್ತಿರ ಹಿಡಿದರೆ ಎಷ್ಟೊಂದು ಎಳೆ. ಹಿಮ್ಮೇಳದಲ್ಲಿ ರೋಲ್ಫ್ ಕೋಲರ್ ಅನ್ನುವವರು ಇದ್ದರು. ನಮ್ಮ ಅಣ್ಣಂದಿರು 80ರ ದಶಕದಲ್ಲಿ ಕ್ಯಾಸೆಟ್ ತಂದು ಕೇಳುತ್ತಿದ್ದ ಜರ್ಮನಿಯ ಮಾಡರ್ನ್ ಟಾಕಿಂಗ್ ತಂಡ ನೆನಪಿದೆಯಾ? ಅದರ ಹಿಮ್ಮೇಳದಲ್ಲಿ ತೆಳ್ಳಗೆ ಮೇಲೇರುವ ಕೋರಸ್ ದನಿಗಳಲ್ಲಿ ಇವರದೂ ಒಂದು. ಅದೇ ಮನುಷ್ಯ ಇಲ್ಲಿ ಯುದ್ಧಕ್ಕೆ ಹೊರಟ ಸೈನ್ಯವಾಗಿ ಹಾಡಿದ್ದಾರೆ. 2007ರಲ್ಲಿ ತೀರಿಕೊಂಡರು. ಹಿಮ್ಮೇಳದವರ ಹೆಸರನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ನಾನು ಹೇಳಿದೆ.

1992ರಲ್ಲಿ 'ಸಮ್‌ವೇರ್ ಫಾರ್ ಬಿಯಾಂಡ್'. ನೀವು ಮೊದಲು ಕೇಳಿದ ಹಾಡು ಇದರಲ್ಲೇ ಇರುವುದು. ಅದೇ ವರ್ಷದ ಕೊನೆಗೆ ಟೋಕಿಯೋದಲ್ಲಿ ಹಾಡಿದ್ದನ್ನು 1993ರಲ್ಲಿ ಆಲ್ಬಮ್ ಮಾಡಿ ತಂದರು. ಜಪಾನಿನ ಹುಡುಗರು, ಜರ್ಮನಿಯವರ ಹಾಡು, ಹಾಡಿನ ಭಾಷೆ ಇಂಗ್ಲಿಷ್. ಇಬ್ಬರಿಗೂ ಮನೆಮಾತಲ್ಲದ ಭಾಷೆಯಲ್ಲಿ ಒಂದೇ ದನಿ. ಕೇಳಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

1995ರ 'ಇಮ್ಯಾಜಿನೇಷನ್ಸ್ ಫ್ರಮ್ ದಿ ಅದರ್ ಸೈಡ್' ಆಲ್ಬಮಿಗೆ ಮೆಟಾಲಿಕಾ ತಂಡದ ಜೊತೆ ಕೆಲಸ ಮಾಡಿದ್ದ ಫ್ಲೆಮಿಂಗ್ ರಾಸ್ಮುಸೆನ್ ಬಂದರು. ನಾದಕ್ಕೆ ಹದ ಬಂತು. ಈ ಸಲ ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನೂ ಬಂದ. ಅಪ್ಪ ಆರ್ಥರನ ಕೈಯಲ್ಲೇ ಸಾಯುವ ಮಾರ್ಡ್ರೆಡ್‌ನ ಬಾಯಲ್ಲಿ ಒಂದು ಹಾಡು ಇದೆ. ಕರ್ಣನ ಕಥೆ ಗೊತ್ತಿರುವವರಿಗೆ ಆ ಹಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ 1998ಕ್ಕೆ ಬರೋಣ. ನಾನು ಇಲ್ಲಿಗೆ ಬಂದಿರುವುದೇ ಇದನ್ನು ಹೇಳಲಿಕ್ಕೆ.

'ನೈಟ್‌ಫಾಲ್ ಇನ್ ಮಿಡಲ್ ಅರ್ಥ್'. ಟೋಲ್ಕಿನ್ ಅವರ 'ಸಿಲ್ಮರಿಲಿಯನ್' ಪುಸ್ತಕವನ್ನು ಹಾಡಾಗಿಸಿದ ಆಲ್ಬಮ್. ಟೋಲ್ಕಿನ್ 1973ರಲ್ಲಿ ತೀರಿಕೊಂಡರು. ಅವರು ಜೀವಮಾನವಿಡೀ ಬರೆದು ತಿದ್ದಿ ಮುಗಿಸದೆ ಬಿಟ್ಟ ಪುರಾಣವನ್ನು ಮಗ ಕ್ರಿಸ್ಟೋಫರ್ 1977ರಲ್ಲಿ ಪುಸ್ತಕ ಮಾಡಿದರು. ಓದಲು ಸುಲಭದ್ದಲ್ಲ. ಹೆಸರುಗಳೇ ನೂರಾರು. ಇಂಥದ್ದನ್ನು ಒಂದು ರಾಕ್ ತಂಡ ಮುಟ್ಟುತ್ತದೆ ಅಂದರೆ ಧೈರ್ಯ ಬೇಕು. ಈ ಹೊತ್ತಿಗೆ ಹ್ಯಾನ್ಸಿ ಬೇಸ್ ಗಿಟಾರ್ ಕೆಳಗಿಟ್ಟಿದ್ದರು. ಹಾಡುವುದಕ್ಕೇ ಪೂರ್ತಿ ನಿಂತರು. ಬೇಸ್ ನುಡಿಸಲು ಓಲಿವರ್ ಹೋಲ್ಜ್‌ವಾರ್ತ್ ಬಂದರು.

ಕಥೆ ಹೀಗಿದೆ. ಫಿಯಾನೋರ್ ಅನ್ನುವ ಶಿಲ್ಪಿ ಮೂರು ರತ್ನ ಮಾಡುತ್ತಾನೆ. ದೇವತೆಗಳ ನಾಡಿಗೆ ಬೆಳಕು ಕೊಡುವ ಎರಡು ಮರಗಳ ಬೆಳಕು ಆ ರತ್ನಗಳಲ್ಲಿ ಇದೆ. ಮೋರ್ಗೋತ್ ಅನ್ನುವ ದುಷ್ಟ ಒಂದು ದೈತ್ಯ ಜೇಡವನ್ನು ಜೊತೆ ಮಾಡಿಕೊಂಡು ಆ ಮರಗಳನ್ನು ಸಾಯಿಸುತ್ತಾನೆ. ಫಿಯಾನೋರನ ಅಪ್ಪನನ್ನು ಕೊಂದು ರತ್ನಗಳನ್ನು ಹೊತ್ತು ಓಡುತ್ತಾನೆ. ಫಿಯಾನೋರ್ ಮತ್ತು ಅವನ ಏಳು ಮಕ್ಕಳು ಪ್ರತಿಜ್ಞೆ ಮಾಡುತ್ತಾರೆ: ರತ್ನ ಯಾರ ಕೈಯಲ್ಲಿದ್ದರೂ ಬಿಡೆವು, ಅವರು ಯಾರೇ ಆಗಿರಲಿ. ಪ್ರತಿಜ್ಞೆ ಮನೆತನವನ್ನು ಹೇಗೆ ತಿನ್ನುತ್ತದೆ ಅಂತ ಭೀಷ್ಮನ ಕಥೆ ಕೇಳಿದ ನಮಗೆ ಗೊತ್ತು. ಇಲ್ಲೂ ಹಾಗೇ. ಹಡಗು ಕೊಡಲಿಲ್ಲ ಅಂತ ತಮ್ಮವರನ್ನೇ ಕಡಿಯುತ್ತಾರೆ. ಅಲ್ಲಿಂದ ಶಾಪ. ಆ ಶಾಪವೇ ಕಥೆಯನ್ನು ಕೊನೆಯವರೆಗೆ ಎಳೆದುಕೊಂಡು ಹೋಗುತ್ತದೆ.

ಆಲ್ಬಮಿನಲ್ಲಿ 22 ತುಣುಕುಗಳಿವೆ. 11 ಪೂರ್ತಿ ಹಾಡುಗಳು. ಉಳಿದ 11 ಸಣ್ಣವು: ಮಾತು, ಗಾಳಿ, ನೀರಿನ ಸದ್ದು, ಕತ್ತಿಯ ಸದ್ದು, ನಾಲ್ಕು ಸಾಲಿನ ಹಾಡು. ಮೊದಲ ಸಲ ಕೇಳಿದಾಗ ಈ ಸಣ್ಣ ತುಣುಕುಗಳನ್ನು ನಾನು ದಾಟಿಸಿ ಮುಂದೆ ಹೋಗುತ್ತಿದ್ದೆ. ತಪ್ಪು ಮಾಡುತ್ತಿದ್ದೆ. ಅದು ನೀಲಗಾರರು ತಂಬೂರಿ ಮೇಲೆ ಕೈಯಿಟ್ಟು ಮಾತಿನಲ್ಲಿ ಕಥೆ ಮುಂದಕ್ಕೆ ಒಯ್ಯುವ ಜಾಗ. ಮಾತಿಲ್ಲದಿದ್ದರೆ ಮುಂದಿನ ಹಾಡು ಯಾರ ಬಾಯಿಂದ ಬರುತ್ತಿದೆ ಅಂತಲೇ ತಿಳಿಯುವುದಿಲ್ಲ. ಯಾಕೆಂದರೆ ಇಲ್ಲಿ ಹಾಡಿಂದ ಹಾಡಿಗೆ ಬಾಯಿ ಬದಲಾಗುತ್ತದೆ. ಒಂದು ಹಾಡು ಫಿಯಾನೋರನದು, ಮತ್ತೊಂದು ಅವನ ಮಗನದು, ಇನ್ನೊಂದು ತನ್ನವರಿಗೆ ವಿದಾಯ ಹೇಳುವ ರಾಜನದು. ಅಷ್ಟನ್ನೂ ಹ್ಯಾನ್ಸಿ ಒಬ್ಬರೇ ಹೊರುತ್ತಾರೆ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಈ ಆಲ್ಬಮ್ ಶುರುವಾಗುವುದು ಯುದ್ಧದ ಕೊನೆಯಲ್ಲಿ. ಮೋರ್ಗೋತ್ ಸೋತಿದ್ದಾನೆ. ಓಡಿಹೋಗು ಅಂತ ಅವನ ಸೇವಕ ಹೇಳುತ್ತಿದ್ದಾನೆ. ಅಲ್ಲಿಂದ ಕಥೆ ಹಿಂದಕ್ಕೆ ತಿರುಗಿ ಮೊದಲಿನಿಂದ ಬರುತ್ತದೆ. ಇದನ್ನು ಕೇಳುತ್ತಾ ಕೂತಾಗ ಒಂದು ರಾತ್ರಿ ಥಟ್ಟನೆ ಅನ್ನಿಸಿತು: ಅರೆ, ಇದು ರನ್ನನ ದಾರಿ! 'ಗದಾಯುದ್ಧ'ದಲ್ಲಿ ರನ್ನ ಮಾಡಿದ್ದೂ ಇದನ್ನೇ. ಮಹಾಭಾರತದ ಕೊನೆಯ ಭಾಗದಲ್ಲಿ ನಿಂತು, ಸಿಂಹ ನಡೆಯುತ್ತಾ ಹಿಂದಿರುಗಿ ನೋಡುವ ಹಾಗೆ ಇಡೀ ಭಾರತವನ್ನು ನೋಡಿದ. ಪಠ್ಯಪುಸ್ತಕದಲ್ಲಿ ಸಿಂಹಾವಲೋಕನ ಕ್ರಮ ಅಂತ ಬಾಯಿಪಾಠ ಮಾಡಿದ್ದೆವು. ಅದರ ಬಲ ನನಗೆ ಅರ್ಥವಾಗಿದ್ದು ಒಂದು ಜರ್ಮನ್ ಆಲ್ಬಮಿನಿಂದ. ಕೊನೆ ಮೊದಲೇ ಗೊತ್ತಿರುವಾಗ ಪ್ರತಿ ಗೆಲುವಿನ ಹಾಡಿನ ಕೆಳಗೂ ಒಂದು ಅಳು ಹರಿಯುತ್ತಿರುತ್ತದೆ. ಈ ಸಾವಿರ ಮೈಲಿ, ಸಾವಿರ ವರ್ಷ ದೂರದ ಇಬ್ಬರೂ ಸೋತವರ ಕಡೆ ಅಷ್ಟು ಹೊತ್ತು ನಿಲ್ಲುತ್ತಾರಲ್ಲ, ಅದೂ ಒಂದೇ ಗುಣ.

ಇದರಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು 'ಟೈಮ್ ಸ್ಟ್ಯಾಂಡ್ಸ್ ಸ್ಟಿಲ್'. ಅದರ ಜೊತೆಗೆ ಇನ್ನೊಂದು ಹೆಸರೂ ಇದೆ, 'ಕಬ್ಬಿಣದ ಬೆಟ್ಟದ ಬಳಿ'. ಸೈನ್ಯ ಸುಟ್ಟುಹೋಗಿದೆ. ಎಲ್ಲ ಮುಗಿಯಿತು ಅಂತ ರಾಜ ಫಿಂಗೋಲ್ಫಿನ್‌ಗೆ ಅನ್ನಿಸಿದೆ. ಯಾರಿಗೂ ಹೇಳದೆ ಕುದುರೆ ಹತ್ತುತ್ತಾನೆ. ಒಬ್ಬನೇ ಮೋರ್ಗೋತನ ಬಾಗಿಲಿಗೆ ಹೋಗಿ ಕೊಂಬು ಊದುತ್ತಾನೆ, ಬಾಗಿಲು ಗುದ್ದುತ್ತಾನೆ, ಹೊರಗೆ ಬಾ ಅನ್ನುತ್ತಾನೆ. ಮೋರ್ಗೋತನಿಗೆ ಭಯ. ಆದರೂ ತನ್ನವರೆಲ್ಲ ನೋಡುತ್ತಿದ್ದಾರಲ್ಲ, ಬರಲೇಬೇಕು. ಬೆಟ್ಟದಷ್ಟು ಎತ್ತರದವನ ಎದುರು ಒಬ್ಬ ರಾಜ. ಮೋರ್ಗೋತನಿಗೆ ಏಳು ಗಾಯ ಮಾಡುತ್ತಾನೆ. ಮೂರು ಸಲ ಕುಸಿಯುತ್ತಾನೆ, ಮೂರು ಸಲ ಏಳುತ್ತಾನೆ. ಕೊನೆಗೆ ಸಾಯುವ ಗಳಿಗೆಯಲ್ಲಿ ಮೋರ್ಗೋತನ ಪಾದಕ್ಕೆ ಕತ್ತಿ ಹಾಕುತ್ತಾನೆ. ಅವತ್ತಿನಿಂದ ಮೋರ್ಗೋತ್ ಕುಂಟ. ಗರುಡಗಳ ರಾಜ ಇಳಿದು ಬಂದು ಫಿಂಗೋಲ್ಫಿನನ ಹೆಣವನ್ನು ಎತ್ತಿಕೊಂಡು ಬೆಟ್ಟದ ತುದಿಗೆ ಒಯ್ಯುತ್ತಾನೆ.

ಹಾಡಿನಲ್ಲಿ ಆ ಏಳೂ ಗಾಯಗಳನ್ನು ಡ್ರಮ್ಮಿನಲ್ಲಿ ಹುಡುಕಿದವನು ನಾನು.

ನಾನು ಇದನ್ನು ಕೇಳಿದ್ದು 2003ರಲ್ಲಿ, ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುವಾಗ. ಹಾಸ್ಟೆಲಿನ ಸೀನಿಯರ್ ಒಬ್ಬರು ಬೆಂಗಳೂರಿನಿಂದ ಒಂದು ಸಿಡಿ ತಂದಿದ್ದರು. ಕಾಪಿ ಮಾಡಿದ ಸಿಡಿ. ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಬಿಜಿ' ಅಂತ ಬರೆದಿತ್ತು. ನಮ್ಮ ಕಡೆ ಬಿ.ಜಿ. ಅಂದರೆ ಬಿ.ಜಿ. ಪುರ, ಅದೇ ಬೊಪ್ಪೇಗೌಡನಪುರ. ಯಾರೋ ನೀಲಗಾರರ ಕಥೆ ಇರಬೇಕು ಅಂತ ಹಾಕಿ ಅಂದೆ. ಹಾಕಿದರು. ಮೊದಲ ಹತ್ತು ನಿಮಿಷ ಏನೂ ಅರ್ಥ ಆಗಲಿಲ್ಲ. ಮರುದಿನ ಸೈಬರ್ ಕೆಫೆಗೆ ಹೋಗಿ ಎಲ್ಲ ಹಾಡಿನ ಸಾಹಿತ್ಯ ಪ್ರಿಂಟ್ ತೆಗೆಸಿದೆ. ಹದಿನಾಲ್ಕೋ ಹದಿನೈದೋ ಹಾಳೆ. ಇಂಗ್ಲಿಷ್ ನನಗೆ ಕಷ್ಟ. ಪ್ರತಿ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಕನ್ನಡ ಬರೆದೆ. 'ಓತ್' ಅಂತ ಇದ್ದಲ್ಲಿ ಮೊದಲು 'ಆಣೆ' ಅಂತ ಬರೆದು, ಆಮೇಲೆ ಹೊಡೆದು ಹಾಕಿ 'ಭಾಷೆ' ಅಂತ ಬರೆದದ್ದು ನೆನಪಿದೆ. ನಮ್ಮೂರಲ್ಲಿ ಭಾಷೆ ಕೊಡೋದು ಅಂದರೆ ಪ್ರಾಣ ಒತ್ತೆ ಇಟ್ಟ ಹಾಗೆ.

ಒಂದು ರಾತ್ರಿ 'ಬಾರ್ಡ್ಸ್ ಸಾಂಗ್' ಹಾಕಿಕೊಂಡು ರೂಮಿನಲ್ಲಿ ಆರು ಜನ ಕೂತಿದ್ದೆವು. ಅರ್ಧದಲ್ಲಿ ಕರೆಂಟ್ ಹೋಯಿತು. ಕಂಪ್ಯೂಟರ್ ಆಫ್. ಕತ್ತಲೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಕೆಳಗಿನ ಮಂಚದಿಂದ ಒಬ್ಬ, ಇಂಗ್ಲಿಷ್ ಪರೀಕ್ಷೆಯಲ್ಲಿ ಯಾವಾಗಲೂ ಫೇಲ್ ಆಗುತ್ತಿದ್ದವನು, ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದ ಎತ್ತಿಕೊಂಡ. ನಾವೆಲ್ಲ ಸೇರಿದೆವು. ಕತ್ತಲಲ್ಲಿ ಮುಗಿಸಿದೆವು. ನನಗೆ ಅಜ್ಜಿಯ ಮನೆಯ ಜಗಲಿ ನೆನಪಾಗಿ ಗಂಟಲು ಕಟ್ಟಿತು. 'ಬಾರ್ಡ್' ಪದಕ್ಕೆ ಕನ್ನಡ ಸಿಕ್ಕಿದ್ದು ಅವತ್ತೇ.

ಅದೇ 2003ರ ಜೂನ್‌ನಲ್ಲಿ ಅವರು ಜರ್ಮನಿಯ ಕೋಬುರ್ಗ್ ಊರಿನಲ್ಲಿ ತಮ್ಮದೇ ಬಯಲು ಹಬ್ಬ ಮಾಡಿದ್ದರು. ಅದರ ಡಿವಿಡಿ 2004ರಲ್ಲಿ ಬಂತು, ನಾವು ನೋಡಿದ್ದು ಅದಕ್ಕೂ ಒಂದು ವರ್ಷ ತಡವಾಗಿ. ಅದರಲ್ಲಿ 'ಬಾರ್ಡ್ಸ್ ಸಾಂಗ್' ಬಂದಾಗ ಹಾಡುವವರು ಜನ. ಹ್ಯಾನ್ಸಿ ಎದುರಿಗೆ ನಿಂತು ಕೇಳುತ್ತಾರೆ. ಬರೆದವರೇ ಹಿಮ್ಮೇಳಕ್ಕೆ ಸರಿಯುತ್ತಾರೆ. ಎಷ್ಟು ಹಾಡುಗಾರರಿಗೆ ಆ ಮನಸ್ಸು ಇರುತ್ತದೆ ಹೇಳಿ? 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವು ನಾಲ್ಕು ಜನ ಬೆಳಗ್ಗಿನ ರೈಲಿಗೆ ಹೋಗಿದ್ದೆವು. ಅಲ್ಲಿ ಮೊದಲ ಸಲ ನಿಜವಾದ ಬಯಲಿನಲ್ಲಿ, ಗುರುತಿಲ್ಲದವರ ಹೆಗಲ ಮೇಲೆ ಕೈಯಿಟ್ಟು ಹಾಡಿದೆ. ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ.

ಮುಂದಿನದನ್ನು ಬೇಗ ಹೇಳುತ್ತೇನೆ. 2002ರ 'ಎ ನೈಟ್ ಅಟ್ ದಿ ಆಪೆರಾ'ದಲ್ಲಿ ಟ್ರಾಯ್ ಯುದ್ಧದ ಮೇಲೆ 14 ನಿಮಿಷದ ಹಾಡು ಇದೆ. ಆಗುವುದೆಲ್ಲ ಮೊದಲೇ ಕಂಡರೂ ಯಾರೂ ನಂಬದ ಕಸಾಂಡ್ರಾ ಅದರಲ್ಲಿ ಬರುತ್ತಾಳೆ. ಎಳೆಗಳು ಎಷ್ಟು ಜಾಸ್ತಿ ಅಂದರೆ ಮೊದಲ ಹತ್ತು ಸಲ ಕೇಳಿದರೂ ದಾರಿ ಸಿಗುವುದಿಲ್ಲ. ನನಗೆ ಇಷ್ಟ, ಆದರೆ ಇಲ್ಲಿ ನೇಯ್ಗೆ ಕಥೆಯನ್ನು ಸ್ವಲ್ಪ ಮುಚ್ಚಿತು ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2005ರಲ್ಲಿ ಥಾಮಸ್ ಸ್ಟಾಖ್ ತಂಡ ಬಿಟ್ಟರು. ಅವರಿಗೆ ಹಳೆಯ ಓಟವೇ ಬೇಕಿತ್ತು. ಅವರ ಜಾಗಕ್ಕೆ ಫ್ರೆಡೆರಿಕ್ ಎಮ್ಕೆ ಬಂದರು. ಅಷ್ಟು ವರ್ಷ ಜೊತೆಗಿದ್ದವರು ಹೊರಟಾಗ ಅಭಿಮಾನಿಗಳಿಗೆ ನೋವಾಯಿತು. ಇಬ್ಬರೂ ತಮಗೆ ಸರಿ ಅನ್ನಿಸಿದ ದಾರಿ ಹಿಡಿದರು ಅಂತ ನಾನು ತಿಳಿಯುತ್ತೇನೆ.

2010ರ 'ಅಟ್ ದಿ ಎಡ್ಜ್ ಆಫ್ ಟೈಮ್' ಆಲ್ಬಮಿನಲ್ಲಿ ರಾಬರ್ಟ್ ಜೋರ್ಡನ್, ಜಾರ್ಜ್ ಮಾರ್ಟಿನ್ ಅವರ ಕಾದಂಬರಿಗಳ ಕಥೆ ಬಂತು. ಮಾರ್ಟಿನ್ ಅವರ ಕಥೆ 'ಗೇಮ್ ಆಫ್ ಥ್ರೋನ್ಸ್' ಆಗಿ ಟಿವಿಗೆ ಬಂದದ್ದು 2011ರಲ್ಲಿ. ಸಿನಿಮಾದವರಿಗಿಂತ ಮುಂಚೆ ಟೋಲ್ಕಿನ್, ಟಿವಿಯವರಿಗಿಂತ ಮುಂಚೆ ಮಾರ್ಟಿನ್. ಇವರು ಓದುವವರು. ಅಷ್ಟೇ ಇದರ ಗುಟ್ಟು. 2015ರಲ್ಲಿ ಎರಡು ಆರ್ಕೆಸ್ಟ್ರಾ, ಮೂರು ಗಾಯನ ತಂಡಗಳನ್ನು ಸೇರಿಸಿ 'ಬಿಯಾಂಡ್ ದಿ ರೆಡ್ ಮಿರರ್' ಮಾಡಿದರು. 1995ರಲ್ಲಿ ಅರ್ಧಕ್ಕೆ ಬಿಟ್ಟ ಕಥೆಯನ್ನು 20 ವರ್ಷದ ಮೇಲೆ ಮುಂದುವರಿಸಿದ್ದು ಇದರಲ್ಲೇ. 2019ರಲ್ಲಿ 'ಲೆಗಸಿ ಆಫ್ ದಿ ಡಾರ್ಕ್ ಲ್ಯಾಂಡ್ಸ್'. ಅದರಲ್ಲಿ ತಂಡದ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ. ಆರ್ಕೆಸ್ಟ್ರಾ, ಗಾಯನ ತಂಡ, ಹ್ಯಾನ್ಸಿಯ ದನಿ. 90ರ ದಶಕದಲ್ಲಿ ಶುರು ಮಾಡಿದ ಕೆಲಸ ಅದು. 2022ರ 'ದಿ ಗಾಡ್ ಮಷೀನ್' ಮತ್ತೆ ಹಳೆಯ ಓಟಕ್ಕೆ ಬಂತು. 2024ರಲ್ಲಿ 'ಸಮ್‌ವೇರ್ ಫಾರ್ ಬಿಯಾಂಡ್' ಆಲ್ಬಮನ್ನು ಮತ್ತೆ ಹೊಸದಾಗಿ ಹಾಡಿ ತಂದರು. ಹ್ಯಾನ್ಸಿಯ ದನಿ ಈಗ ಸ್ವಲ್ಪ ಕೆಳಗೆ ಇಳಿದಿದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ನೀಲಗಾರರ ದನಿ ಇರುತ್ತಿತ್ತಲ್ಲ, ಹಾಗೆ. ನನಗೆ ಈ ದನಿ ಇನ್ನೂ ಜಾಸ್ತಿ ಇಷ್ಟ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಪ್ರಶ್ನೆ ಕೇಳುವ ಹೊತ್ತು. ಹುಡುಗರು ಗಿಟಾರ್ ಯಾವುದು, ಎಲ್ಲಿಂದ ಕೇಳಲು ಶುರು ಮಾಡಬೇಕು ಅಂತೆಲ್ಲ ಕೇಳಿದರು. 'ನೈಟ್‌ಫಾಲ್' ಆಲ್ಬಮಿನಿಂದ ಶುರು ಮಾಡಿ, ಸಣ್ಣ ತುಣುಕುಗಳನ್ನು ದಾಟಿಸಬೇಡಿ ಅಂದೆ. ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ಮೊಮ್ಮಗನ ಜೊತೆ ಬಂದಿದ್ದ ಅಜ್ಜಿ. ಹಾಡು ಹಾಕಿದಾಗ ಸೆರಗಿನಿಂದ ಕಿವಿ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದೆ.

"ಆ ರಾಜ ಸತ್ತ, ಗರುಡ ಎತ್ಕೊಂಡು ಹೋಯ್ತು, ಸರಿ," ಅಂದರು. "ಅವನು ಹತ್ಕೊಂಡು ಬಂದಿದ್ನಲ್ಲ, ಆ ಕುದುರೆ ಏನಾಯ್ತಪ್ಪಾ?"

ಹಾಡಿನಲ್ಲಿ ಅದಿಲ್ಲ ಅಮ್ಮಾ, ಅಂದೆ. ಟೋಲ್ಕಿನ್ ಬೇರೆ ಕಡೆ ಬರೆದಿದ್ದಾರೆ. ಕುದುರೆ ಕೊನೆಯವರೆಗೂ ರಾಜನ ಪಕ್ಕದಲ್ಲೇ ನಿಂತಿತ್ತು. ರಾಜ ಬಿದ್ದ ಮೇಲೆ ತೋಳಗಳು ಮೇಲೆ ಬಿದ್ದವು. ತಪ್ಪಿಸಿಕೊಂಡು ಓಡಿತು. ಅಷ್ಟು ದೂರ ಓಡಿ ಊರು ಸೇರಿತು. ಊರು ಸೇರಿದ ಮೇಲೆ ಎದೆ ಒಡೆದು ಸತ್ತಿತು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಊರಿಗೆ ಬಂತಲ್ಲ," ಅಂದರು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಆ ಹಾಡು ಇನ್ನೊಂದ್ಸಲ ಹಾಕಕ್ಕೆ ಹೇಳು," ಅಂದರು.

ಹಾಕಿದೆ.